ಸರ್ ಅಲೆಕ್ ಇಸಿಗೋನಿಸ್: ಹಗುರ ಕಾರಿನ ಹಿಂದೆ ಹೋದವರು

ನಮ್ಮ ಕಾಲೇಜು ಗೇಟಿನ ಮುಂದೆ ತಗ್ಗಾದ, ಎರಡೇ ಸೀಟಿನ ಕಾರೊಂದು ಗುರುಗುಟ್ಟುತ್ತ ಹಾದುಹೋದರೆ ಪಿಯುಸಿ ಹುಡುಗರ ಮಾತು ಅಲ್ಲಿಗೇ ನಿಲ್ಲುತ್ತದೆ. ಮುಂದೆ ಸಂಪಾದನೆ ಶುರುವಾದ ಮೇಲೆ ಅಂಥದ್ದೇ ಒಂದು ಕಾರು ಕೊಂಡು ದಿನವೂ ಕೆಲಸಕ್ಕೆ ಅದರಲ್ಲೇ ಹೋಗಬೇಕೆಂಬ ಆಸೆ ಎಷ್ಟೋ ಜನರಿಗಿದೆ. ಆಸೆಗೆ ಅಡ್ಡಿಯಿಲ್ಲ. ಆದರೆ ಬೆಳಿಗ್ಗೆ ಒಂಬತ್ತು ಗಂಟೆಗೆ ಚಾಮರಾಜಪೇಟೆಯಿಂದ ಹೊರಟು, ಮಾರ್ಕೆಟ್ಟು, ಮೆಜೆಸ್ಟಿಕ್ಕು ದಾಟಿ ಮಲ್ಲೇಶ್ವರ ಸೇರುವವರಿಗೆ ಮುನ್ನೂರು ಕುದುರೆಶಕ್ತಿ ಇದ್ದರೂ ಒಂದೇ, ಮೂವತ್ತು ಇದ್ದರೂ ಒಂದೇ. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು 1898ರ ಪ್ಲೇಗಿನ ನಂತರ. ಆ ಬಡಾವಣೆಗಳ ಅಡ್ಡರಸ್ತೆಗಳನ್ನು ಅಳೆದು ಹಾಕಿದಾಗ ಓಡಾಡುತ್ತಿದ್ದದ್ದು ಜಟಕಾ, ಎತ್ತಿನ ಗಾಡಿ ಮತ್ತು ಮನುಷ್ಯರು. ಅಂಥ ಬೀದಿಯಲ್ಲಿ ಓಡಿಸಲು ಖುಷಿಯಾಗಬೇಕು, ಮನೆಮಂದಿಯೂ ಕೂರಬೇಕು, ಪೆಟ್ರೋಲೂ ಹೆಚ್ಚು ಕುಡಿಯಬಾರದು ಎಂದರೆ ಕಾರು ಹೇಗಿರಬೇಕು? ಈ ಪ್ರಶ್ನೆಯ ಹಿಂದೆ ಬಿದ್ದು ಬಾಳನ್ನೇ ಕಳೆದವರು ಸರ್ ಅಲೆಕ್ ಇಸಿಗೋನಿಸ್. ಜಗತ್ತು ಅವರನ್ನು ಬಲ್ಲದ್ದು ಮಿನಿ ಕಾರಿನಿಂದ.

ಅವರು ಹುಟ್ಟಿದ್ದು 1906ರ ನವೆಂಬರ್ 18ರಂದು, ಉಸ್ಮಾನಿಯಾ ಸಾಮ್ರಾಜ್ಯದ ಬಂದರು ನಗರ ಸ್ಮಿರ್ನಾದಲ್ಲಿ. ಇಂದಿನ ಟರ್ಕಿಯ ಇಜ್ಮೀರ್ ಅದೇ. ತುರ್ಕರು, ಗ್ರೀಕರು, ಅರ್ಮೇನಿಯನ್ನರು, ಯಹೂದಿಗಳು, ಯುರೋಪಿನ ವ್ಯಾಪಾರಿಗಳು ಒಟ್ಟಿಗೆ ಬದುಕುತ್ತಿದ್ದ ಊರು. ತಂದೆ ಗ್ರೀಕ್ ಮೂಲದವರು, ಹಡಗಿನ ಯಂತ್ರಗಳ ಕಾರ್ಖಾನೆ ನಡೆಸುತ್ತಿದ್ದರು. ಅಜ್ಜ ಬ್ರಿಟಿಷರು ಕಟ್ಟಿದ ರೈಲು ಮಾರ್ಗದಲ್ಲಿ ಕೆಲಸ ಮಾಡಿದ್ದರಿಂದ ಮನೆತನಕ್ಕೆ ಬ್ರಿಟಿಷ್ ಪೌರತ್ವ ಸಿಕ್ಕಿತ್ತು. ತಾಯಿ ಹುಲ್ಡಾ ಜರ್ಮನ್ ಮೂಲದವರು. ಹುಡುಗ ಬೆಳೆದದ್ದು ಕಾರ್ಖಾನೆಯ ಸದ್ದಿನ ನಡುವೆ, ಕೈಯಲ್ಲಿ ಪೆನ್ಸಿಲ್ ಹಿಡಿದು.

ಮೊದಲ ಮಹಾಯುದ್ಧ ಮುಗಿದ ಮೇಲೆ ಆ ಊರಿಗಾಗಿ ಗ್ರೀಕರಿಗೂ ತುರ್ಕರಿಗೂ ಯುದ್ಧ ನಡೆಯಿತು. ಖಿಲಾಫತ್ ಚಳವಳಿಯ ಆ ದಿನಗಳಲ್ಲಿ ನಮ್ಮ ದೇಶದ ಮುಸಲ್ಮಾನರ ಬಾಯಲ್ಲೂ ಸ್ಮಿರ್ನಾದ ಹೆಸರಿತ್ತು, ಅದರ ಹೆಸರಿನಲ್ಲಿ ಇಲ್ಲಿ ಚಂದಾ ಎತ್ತಿದ್ದರು. 1922ರ ಸೆಪ್ಟೆಂಬರಿನಲ್ಲಿ ತುರ್ಕಿ ಸೈನ್ಯ ನಗರ ಪ್ರವೇಶಿಸಿತು, ಕೆಲವೇ ದಿನಗಳಲ್ಲಿ ದೊಡ್ಡ ಬೆಂಕಿ ಎದ್ದು ಊರಿನ ಬಹುಭಾಗ ಸುಟ್ಟಿತು. ಬ್ರಿಟಿಷ್ ಪ್ರಜೆಗಳಾಗಿದ್ದ ಇಸಿಗೋನಿಸ್ ಕುಟುಂಬವನ್ನು ನೌಕಾಪಡೆಯ ಹಡಗು ಮಾಲ್ಟಾಕ್ಕೆ ಸಾಗಿಸಿತು. ಮನೆ, ಕಾರ್ಖಾನೆ ಎಲ್ಲ ಹಿಂದೆಯೇ ಉಳಿಯಿತು. ಕಾಯಿಲೆಯಲ್ಲಿದ್ದ ತಂದೆ ಮಾಲ್ಟಾದಲ್ಲೇ ತೀರಿಕೊಂಡರು. 1923ರಲ್ಲಿ ತಾಯಿ, ಮಗ ಇಬ್ಬರೇ ಇಂಗ್ಲೆಂಡಿಗೆ ಬಂದು ಇಳಿದರು. ಆಗ ಅಲೆಕ್ ಅವರಿಗೆ ಹದಿನಾರು, ನಮ್ಮ ಪ್ರಥಮ ಪಿಯುಸಿ ಮಕ್ಕಳ ವಯಸ್ಸು.

ಲಂಡನ್ನಿನ ಬ್ಯಾಟರ್ಸೀ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಿದರು. ಚಿತ್ರ ಬಿಡಿಸುವುದರಲ್ಲಿ ಅವರದೇ ಮೇಲುಗೈ. ಗಣಿತದಲ್ಲಿ ಮಾತ್ರ ಮೂರು ಸಲ ಫೇಲು. ಹಾಗಾಗಿ ಡಿಗ್ರಿಯ ದಾರಿ ಮುಚ್ಚಿ, ಡಿಪ್ಲೊಮಾ ಮುಗಿಸಿಕೊಂಡು ಹೊರಬಂದರು. ಗಣಿತದ ಮೇಲಿನ ಆ ಮುನಿಸು ಅವರಿಗೆ ಕೊನೆಯವರೆಗೂ ಹೋಗಲಿಲ್ಲ. ಇದನ್ನು ಓದಿದ ಯಾರೂ ಗಣಿತದ ಪುಸ್ತಕ ಮುಚ್ಚಿಡುವ ಅಗತ್ಯವಿಲ್ಲ. ಮುಂದೆ ಅವರ ರೇಖಾಚಿತ್ರಗಳನ್ನು ಲೆಕ್ಕಕ್ಕೆ ಇಳಿಸಿ ಕಬ್ಬಿಣದಲ್ಲಿ ಮಾಡಿ ತೋರಿಸಲು ಗಣಿತ ಬಲ್ಲ ಒಂದು ತಂಡವೇ ಅವರ ಸುತ್ತ ಬೇಕಾಯಿತು.

ಓದು ಮುಗಿದ ಮೇಲೆ ಮೊದಲು ಲಂಡನ್ನಿನ ಸಣ್ಣ ಕಂಪನಿಯೊಂದರಲ್ಲಿ, ಆಮೇಲೆ ಹಂಬರ್ ಕಂಪನಿಯಲ್ಲಿ, 1936ರಿಂದ ಮಾರಿಸ್ ಕಂಪನಿಯಲ್ಲಿ ಕೆಲಸ. ಸಂಜೆಯ ಹೊತ್ತು, ರಜೆಯ ದಿನ ರೇಸಿನ ಹುಚ್ಚು. ಅವರ ಬಳಿ ಒಂದು ಆಸ್ಟಿನ್ ಸೆವೆನ್ ಇತ್ತು. ಅದರ ಎಂಜಿನ್ನನ್ನೇ ಎಷ್ಟು ತಿದ್ದಿದರೂ ಸಾಲದು ಎನಿಸಿದಾಗ ಅವರು ಬೇರೆ ದಾರಿ ಹಿಡಿದರು. ನ್ಯೂಟನ್ನನ ಎರಡನೇ ನಿಯಮ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಬಲ ಅಷ್ಟೇ ಇದ್ದು ದ್ರವ್ಯರಾಶಿ ಇಳಿದರೆ ವೇಗೋತ್ಕರ್ಷ ಏರುತ್ತದೆ. ಎಂಜಿನ್ನಿಗೆ ಶಕ್ತಿ ಕೂಡಿಸಿದರೆ ಮುಂದಕ್ಕೆ ಓಡುವುದು ಮಾತ್ರ ಚುರುಕಾಗುತ್ತದೆ. ತೂಕ ಕಳೆದರೆ ಓಡುವುದು, ನಿಲ್ಲುವುದು, ತಿರುಗುವುದು ಮೂರೂ ಚುರುಕಾಗುತ್ತವೆ. ಟೈರು, ಬ್ರೇಕು ಕಡಿಮೆ ಸವೆಯುತ್ತವೆ.

ಗೆಳೆಯ ಜಾರ್ಜ್ ಡೌಸನ್ ಅವರೊಡನೆ ಸೇರಿ ಈ ಲೆಕ್ಕಾಚಾರದ ಮೇಲೆ ಒಂದು ರೇಸ್ ಕಾರು ಕಟ್ಟಲು ಕುಳಿತರು. ಯಂತ್ರದ ಸಲಕರಣೆಗಳಿಲ್ಲ, ಎಲ್ಲ ಕೈಗರಗಸ, ಕೈಡ್ರಿಲ್ಲಿನ ಕೆಲಸ. ಪ್ಲೈವುಡ್ಡಿನ ಎರಡೂ ಬದಿಗೆ ಅಲ್ಯೂಮಿನಿಯಂ ತಗಡು ಅಂಟಿಸಿ ಮೈ ಮಾಡಿದರು. ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಸಸ್ಪೆನ್ಶನ್ನಿಗೆ ಉಕ್ಕಿನ ಸ್ಪ್ರಿಂಗಿನ ಬದಲು ರಬ್ಬರನ್ನು ಬಳಸಿದರು. ವರ್ಷಗಟ್ಟಲೆ ಹಿಡಿದ ಕೆಲಸ 1938ರಲ್ಲಿ ಮುಗಿಯಿತು. ಹೆಸರೇ ಲೈಟ್‌ವೇಟ್ ಸ್ಪೆಷಲ್. ಬೆಟ್ಟದ ರಸ್ತೆಯ ಸ್ಪರ್ಧೆಗಳಲ್ಲಿ ಅದು ತನಗಿಂತ ದೊಡ್ಡ ಕಾರುಗಳಿಗೆ ಬೆವರಿಳಿಸಿತು. ಎರಡನೇ ಮಹಾಯುದ್ಧ ಬಂದು ಆ ಆಟಕ್ಕೆ ಕೆಲಕಾಲ ತಡೆ ಬಿತ್ತು. ಆದರೆ ಮುಂದಿನ ಇಪ್ಪತ್ತು ವರ್ಷ ಅವರು ಸಾಮಾನ್ಯರಿಗಾಗಿ ಮಾಡಿದ್ದರ ಬೇರು ಇದ್ದದ್ದು ಈ ಒಂಟಿ ರೇಸ್ ಕಾರಿನಲ್ಲಿ ಎಂಬುದು ನನ್ನ ಅಭಿಪ್ರಾಯ.

ಯುದ್ಧದ ನಡುವೆಯೇ ಮಾರಿಸ್ ಕಂಪನಿಗೆ ಸಣ್ಣ ಕಾರೊಂದರ ನಕ್ಷೆ ಬರೆಯತೊಡಗಿದರು. ಕಾರು ಇನ್ನೇನು ಸಿದ್ಧವಾಯಿತು ಎನ್ನುವಾಗ ಅಗಲ ಸಾಲದು ಎನಿಸಿತು. ಮಾದರಿಯನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನು ಹತ್ತಿರ, ದೂರ ಸರಿಸಿ ನೋಡಿ, ನಾಲ್ಕು ಅಂಗುಲ ಕೂಡಿಸಿದರು. ಮಾಲೀಕರಾದ ಲಾರ್ಡ್ ನಫೀಲ್ಡ್ ಅವರಿಗೆ ಆ ಕಾರಿನ ರೂಪ ಹಿಡಿಸದೆ, ಬೇಯಿಸಿದ ಮೊಟ್ಟೆಗೆ ಹೋಲಿಸಿ ಹಂಗಿಸಿದರು. 1948ರಲ್ಲಿ ಹೊರಬಂದ ಆ ಮಾರಿಸ್ ಮೈನರ್ ಹತ್ತು ಲಕ್ಷ ಮಾರಾಟವಾದ ಮೊದಲ ಬ್ರಿಟಿಷ್ ಕಾರಾಯಿತು. ನಮ್ಮಲ್ಲಿ ಹಿಂದೂಸ್ತಾನ್ ಮೋಟರ್ಸ್ ಅದನ್ನು ಬೇಬಿ ಹಿಂದೂಸ್ತಾನ್ ಎಂದು ಮಾರಿತು. ಅದರ ದೊಡ್ಡಣ್ಣನಂತಿದ್ದ ಮಾರಿಸ್ ಆಕ್ಸ್‌ಫರ್ಡ್‌ನ ವಂಶದಲ್ಲಿ ಬಂದದ್ದೇ ನಮ್ಮ ಅಂಬಾಸಿಡರ್. ವಿಧಾನಸೌಧದ ಮುಂದೆ ಕೆಂಪು ದೀಪ ಹೊತ್ತು ನಿಲ್ಲುತ್ತಿದ್ದ, ಮದುವೆಯ ದಿಬ್ಬಣದಲ್ಲಿ ಎಂಟು ಜನರನ್ನು ತುಂಬಿಕೊಂಡು ಹೋಗುತ್ತಿದ್ದ ಅಂಬಾಸಿಡರ್‌ನ ಮುಂದಿನ ಚಕ್ರಗಳ ಟಾರ್ಷನ್ ಬಾರ್ ಏರ್ಪಾಡು ಮಾರಿಸ್ ಕಾರುಗಳಿಗೆ ಬಂದದ್ದು ಇಸಿಗೋನಿಸ್ ಅವರ ಕೈಯಿಂದ. ಹಗುರ ಎಂಬ ಮಾತನ್ನು ಮಾತ್ರ ಅಂಬಾಸಿಡರ್‌ಗೆ ಯಾರೂ ಹೇಳುವಂತಿಲ್ಲ.

1956ರಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸಿರ್ ಅವರು ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದರು. ಬ್ರಿಟನ್, ಫ್ರಾನ್ಸ್, ಇಸ್ರೇಲ್ ದಾಳಿ ಮಾಡಿದವು, ಕಾಲುವೆ ಮುಚ್ಚಿತು, ಇಂಗ್ಲೆಂಡಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಜನ ಗುಳ್ಳೆಯಂಥ ಮೂರು ಚಕ್ರದ ಪುಟ್ಟ ಗಾಡಿಗಳಿಗೆ ಮುಗಿಬಿದ್ದರು. ಆಗ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್, ಗುಳ್ಳೆ ಗಾಡಿಗಳನ್ನು ಬೀದಿಯಿಂದ ಓಡಿಸುವಂಥ ಒಂದು ಸರಿಯಾದ ಸಣ್ಣ ಕಾರು ಮಾಡಿಕೊಡಿ ಎಂದು ಇಸಿಗೋನಿಸ್ ಅವರಿಗೆ ವಹಿಸಿದರು. ಷರತ್ತು ಒಂದೇ: ಕಂಪನಿಯಲ್ಲಿ ಈಗಾಗಲೇ ತಯಾರಾಗುತ್ತಿರುವ ಎಂಜಿನ್ನನ್ನೇ ಬಳಸಬೇಕು.

ಇಸಿಗೋನಿಸ್ ಉದ್ದ ಹತ್ತು ಅಡಿ ಎಂದು ಗೆರೆ ಎಳೆದುಕೊಂಡರು. ಅದರಲ್ಲಿ ಸುಮಾರು ಶೇಕಡ 80ರಷ್ಟು ನೆಲ ಜನರಿಗೆ, ಸಾಮಾನಿಗೆ ಸೇರಬೇಕು. ಉಳಿದ ಜಾಗದಲ್ಲಿ ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್ ಎಲ್ಲ ಹಿಡಿಸಬೇಕು. ಅವರು ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿ ಕೂರಿಸಿದರು. ಗೇರ್‌ಬಾಕ್ಸನ್ನು ಎಂಜಿನ್ನಿನ ಹೊಟ್ಟೆಯಡಿಗೆ ತಳ್ಳಿದರು, ಎರಡಕ್ಕೂ ಒಂದೇ ಆಯಿಲ್. ಶಕ್ತಿ ಮುಂದಿನ ಚಕ್ರಗಳಿಗೇ ಹೋಗುವಂತೆ ಮಾಡಿದ್ದರಿಂದ ಕಾರಿನ ನಡುವೆ ಹಾದುಹೋಗುವ ಉದ್ದನೆಯ ಶಾಫ್ಟ್ ಬೇಕಾಗಲಿಲ್ಲ, ನೆಲ ಸಪಾಟಾಯಿತು. ಚಕ್ರ ಬರೀ ಹತ್ತು ಅಂಗುಲದ್ದು. ಅಷ್ಟು ಸಣ್ಣ ಟೈರನ್ನು ಡನ್‌ಲಪ್ ಕಂಪನಿ ಇದಕ್ಕೆಂದೇ ತಯಾರಿಸಿತು. ಸ್ಪ್ರಿಂಗಿನ ಜಾಗದಲ್ಲಿ ಗೆಳೆಯ ಅಲೆಕ್ಸ್ ಮೋಲ್ಟನ್ ಅವರು ರೂಪಿಸಿದ ರಬ್ಬರಿನ ಶಂಕು. ಲೈಟ್‌ವೇಟ್ ಸ್ಪೆಷಲ್‌ನ ರಬ್ಬರು ಇಲ್ಲಿ ಮತ್ತೆ ಬಂತು ನೋಡಿ. ಮೊದಲ ಮಾದರಿಗಳು 948 ಸಿಸಿ ಎಂಜಿನ್ನಿನಲ್ಲಿ ಗಂಟೆಗೆ 145 ಕಿಲೋಮೀಟರ್ ಆಸುಪಾಸು ಓಡಿಬಿಟ್ಟವು. ಮನೆಮಂದಿಯ ಕಾರಿಗೆ ಇಷ್ಟು ಓಟ ಬೇಡವೆಂದು 848 ಸಿಸಿಗೆ ಇಳಿಸಿದರು. ಶಕ್ತಿ 34 ಕುದುರೆ, ತೂಕ 600 ಕಿಲೋ ಸುಮಾರು.

1959ರ ಆಗಸ್ಟ್ 26ರಂದು ಮಿನಿ ಮಾರುಕಟ್ಟೆಗೆ ಬಂತು. ಮೊದಲ ಮಳೆಗಾಲದಲ್ಲೇ ನೆಲದಿಂದ ನೀರು ಒಳಗೆ ನುಗ್ಗಿತು. ಮುಂಭಾಗದಲ್ಲೇ ಇದ್ದ ಡಿಸ್ಟ್ರಿಬ್ಯೂಟರ್ ನೆನೆದು ಎಂಜಿನ್ ನಿಂತುಹೋಗುತ್ತಿತ್ತು. ಕೆ.ಆರ್. ಮಾರ್ಕೆಟ್ ಬಳಿಯ ಮಳೆನೀರಿನಲ್ಲಿ ಅದರ ಗತಿ ಏನಾಗುತ್ತಿತ್ತೆಂದು ಊಹಿಸಿಕೊಳ್ಳಬಹುದು. ಈ ದೋಷಗಳನ್ನು ಕಂಪನಿ ಒಂದೊಂದಾಗಿ ಸರಿಪಡಿಸಿತು. ಬೆಲೆ ತೀರಾ ಕಡಿಮೆ ಇಟ್ಟಿದ್ದರಿಂದ ಲಾಭ ಮಾತ್ರ ಹೇಳಿಕೊಳ್ಳುವಷ್ಟು ಬರಲಿಲ್ಲ.

ರೇಸ್ ಕಾರುಗಳ ತಯಾರಕ ಜಾನ್ ಕೂಪರ್ ಅದನ್ನು ಓಡಿಸಿ ನೋಡಿ, ಇದು ಹುಟ್ಟಾ ಸ್ಪೋರ್ಟ್ಸ್ ಕಾರು ಎಂದು ಕಂಡುಕೊಂಡರು. ಇಸಿಗೋನಿಸ್ ಅವರಿಗೆ ಮೊದಲು ಆ ಮಾತು ರುಚಿಸಲಿಲ್ಲ. ತಾವು ಮಾಡಿದ್ದು ಜನಸಾಮಾನ್ಯರ ಕಾರು, ಅದನ್ನು ಓಟಕ್ಕೆ ಹಚ್ಚುವುದೇಕೆ ಎಂಬ ಭಾವನೆ. ಕಂಪನಿ ಒಪ್ಪಿತು, 1961ರಲ್ಲಿ ಮಿನಿ ಕೂಪರ್ ಬಂತು. 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ್ಯಾಲಿ ಗೆದ್ದಿತು. 1966ರಲ್ಲೂ ಮೊದಲ ಮೂರು ಸ್ಥಾನ ಮಿನಿಗಳದ್ದೇ ಆಗಿತ್ತು, ಹೆಡ್‌ಲೈಟಿನ ನಿಯಮ ಮುರಿದರೆಂದು ಅನರ್ಹಗೊಳಿಸಿದರು. ಹೆಚ್ಚುಕಡಿಮೆ ಅದೇ ಮೈಕಟ್ಟಿನ ಕಾರಿನಲ್ಲಿ ವಾರವಿಡೀ ಜಿಲ್ಲೆಯ ದಾದಿಯರು, ಗುಮಾಸ್ತರು, ಶಾಲೆಯ ಮೇಷ್ಟರು ಕೆಲಸಕ್ಕೆ ಹೋಗುತ್ತಿದ್ದರು. ದಿನನಿತ್ಯದ ಕಾರು, ಓಟದ ಕಾರು ಒಂದೇ ಆದ ಉದಾಹರಣೆ ಇದಕ್ಕಿಂತ ಚೆನ್ನಾಗಿ ನನಗೆ ಸಿಕ್ಕಿಲ್ಲ.

ಬೆಂಗಳೂರಿನಲ್ಲೇ ಅಂಥ ಒಂದು ಪ್ರಯತ್ನ ನಡೆದಿತ್ತು ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ. 1980ರ ದಶಕದಲ್ಲಿ ಇಲ್ಲಿನ ಸಿಪಾನಿ ಕಂಪನಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಕಾರು ತಯಾರಿಸಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರು ಅದರ ಮೂಲ, ಮೈ ಫೈಬರ್ ಗ್ಲಾಸಿನದು. ಕಾಕತಾಳೀಯವೋ ಏನೋ, ಅದರದೂ 848 ಸಿಸಿ ಎಂಜಿನ್ನು, ಆದರೆ ಬೇರೆಯ ಎಂಜಿನ್ನು. ಹಗುರವಾಗಿದ್ದ ಡಾಲ್ಫಿನ್ ರೇಸು, ರ್ಯಾಲಿಗಳಲ್ಲಿ ಹೆಸರು ಮಾಡಿತು. ಮನೆಗೆ ಕೊಳ್ಳುವವರು ಮಾತ್ರ ತಗಡಿನ ಮೈಯನ್ನೇ ನಂಬಿದರು. ಅಷ್ಟರಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದೇಬಿಟ್ಟಿತು: ಅಡ್ಡಕ್ಕೆ ಕೂರಿಸಿದ ಎಂಜಿನ್, ಮುಂದಿನ ಚಕ್ರಕ್ಕೆ ಶಕ್ತಿ, ಸಣ್ಣ ಚಕ್ರ, ಹಗುರ ಮೈ. ಮಿನಿಯ ಆ ಜೋಡಣೆ ಜಪಾನಿನ ಸುತ್ತು ಹಾಕಿ ಗಾಂಧಿ ಬಜಾರಿಗೂ ಸಂಪಿಗೆ ರಸ್ತೆಗೂ ತಲುಪಿತು. ಇಂದು ನಮ್ಮ ಬೀದಿಯಲ್ಲಿ ನಿಲ್ಲುವ ಪೆಟ್ರೋಲ್ ಹ್ಯಾಚ್‌ಬ್ಯಾಕುಗಳ ಬಾನೆಟ್ ಎತ್ತಿದರೆ ಬಹುತೇಕ ಎಲ್ಲದರಲ್ಲೂ ಎಂಜಿನ್ ಅಡ್ಡಲಾಗಿಯೇ ಇದೆ.

ಇಸಿಗೋನಿಸ್ ಅವರ ಒಂದು ನಿಲುವನ್ನು ಒಪ್ಪುವುದು ಕಷ್ಟ. ಕಾರಿನಲ್ಲಿ ರೇಡಿಯೊ ಇರುವುದೂ ಅವರಿಗೆ ಸೇರುತ್ತಿರಲಿಲ್ಲ, ಸೀಟು ತೀರಾ ಸುಖವಾಗಿರಬಾರದು, ಚಾಲಕ ಎಚ್ಚರವಾಗಿರಬೇಕು ಎನ್ನುವವರು. ಅಲ್ಲಿಯವರೆಗೆ ಸರಿ. ಆದರೆ ಒಳ್ಳೆಯ ಬ್ರೇಕು, ಒಳ್ಳೆಯ ಸ್ಟೀರಿಂಗ್ ಕೊಟ್ಟ ಮೇಲೆ ಡಿಕ್ಕಿ ಹೊಡೆದರೆ ಅದು ಚಾಲಕನ ತಪ್ಪು, ಡಿಕ್ಕಿಯಲ್ಲಿ ಜೀವ ಉಳಿಸುವ ಏರ್ಪಾಡಿಗಾಗಿ ಕಾರನ್ನು ಭಾರ ಮಾಡಬೇಕಿಲ್ಲ ಎಂಬ ಧೋರಣೆ ಅವರದಾಗಿತ್ತು. ನಾವು ಎಷ್ಟೇ ಎಚ್ಚರದಿಂದಿದ್ದರೂ ಎದುರಿನ ಲಾರಿಯ ಚಾಲಕ ಎಚ್ಚರವಾಗಿರುತ್ತಾನೆಂದು ಯಾರು ಹೇಳಬಲ್ಲರು? ಇಂದಿನ ಸಣ್ಣ ಕಾರುಗಳೂ 800-900 ಕಿಲೋ ತೂಗುವುದಕ್ಕೆ ಗಟ್ಟಿ ಕಂಬ, ಏರ್‌ಬ್ಯಾಗುಗಳೂ ಒಂದು ಕಾರಣ. ಆ ತೂಕ ವ್ಯರ್ಥವಲ್ಲ. ಹಳೆಯ ಹಗುರ ಕಾರಿನ ಮೋಹಕ್ಕೆ ಬೀಳುವವರು, ಹೆಲ್ಮೆಟ್ಟಿಲ್ಲದೆ ಬೈಕಿನಲ್ಲಿ ಕಾಲೇಜಿಗೆ ಬರುವವರೂ, ಈ ಲೆಕ್ಕವನ್ನು ಒಮ್ಮೆ ಮಾಡಬೇಕು.

1967ರಲ್ಲಿ ರಾಯಲ್ ಸೊಸೈಟಿ ಅವರನ್ನು ಫೆಲೊ ಆಗಿ ಆರಿಸಿತು. 1969ರಲ್ಲಿ ಸರ್ ಪದವಿ ಬಂತು. ಮದುವೆಯಾಗಲಿಲ್ಲ. ನಿರಾಶ್ರಿತರಾಗಿ ಜೊತೆಗೆ ಬಂದಿದ್ದ ತಾಯಿಯೊಂದಿಗೆ 1972ರಲ್ಲಿ ಆಕೆ ತೀರಿಕೊಳ್ಳುವವರೆಗೂ ಒಂದೇ ಮನೆಯಲ್ಲಿದ್ದರು. 1971ರಲ್ಲಿ ನಿವೃತ್ತರಾದರೂ ಬಹಳ ವರ್ಷ ಸಲಹೆಗಾರರಾಗಿ ಮುಂದುವರಿದರು. 1988ರ ಅಕ್ಟೋಬರ್ 2ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ನಿಧನರಾದರು. ಮಿನಿ ಅವರ ನಂತರವೂ 2000ದವರೆಗೆ ತಯಾರಾಯಿತು, ಒಟ್ಟು 53 ಲಕ್ಷಕ್ಕೂ ಹೆಚ್ಚು.

ಮಿನಿಗೆ ಬದಲಿಯಾಗಿ ಇನ್ನೊಂದು ಕಾರನ್ನು ಅವರು 1960ರ ದಶಕದ ಕೊನೆಯಲ್ಲೇ ಸಿದ್ಧಪಡಿಸಿದ್ದರು. 9ಎಕ್ಸ್ ಎಂದು ಅದರ ಗುರುತು. ಮಿನಿಗಿಂತ ಉದ್ದ ಕಡಿಮೆ, ಒಳಗೆ ಜಾಗ ಹೆಚ್ಚು, ಬಿಡಿಭಾಗಗಳೂ ಕಡಿಮೆ, ಎಂಜಿನ್ ಪೂರ್ತಿ ಹೊಸದು. ಕಂಪನಿ ಆ ಹೊತ್ತಿಗೆ ಬೇರೆಯವರ ಕೈ ಸೇರಿತ್ತು, ಹೊಸ ಆಡಳಿತಕ್ಕೆ ದೊಡ್ಡ ಕಾರುಗಳ ಮೇಲೆ ಕಣ್ಣು. 9ಎಕ್ಸ್ ಕಾರ್ಖಾನೆಗೆ ಹೋಗಲೇ ಇಲ್ಲ. ಅದರ ಮಾದರಿ ಇಂಗ್ಲೆಂಡಿನ ಗೇಡನ್ ಊರಿನ ಮೋಟರ್ ವಸ್ತುಸಂಗ್ರಹಾಲಯದಲ್ಲಿದೆ.