ಸೋರುವ ಕೆಪಾಸಿಟರ್‌ಗೆ ನೆನಪು ಕಲಿಸಿದ ಮೇಷ್ಟ್ರು

ಲೆಕ್ಕ ಮಾಡಿ ಮಾಡಿ ಸುಸ್ತಾದ ಮೇಷ್ಟ್ರೊಬ್ಬರ ಕಥೆ ಇದು. ಹೆಸರು ಜಾನ್ ವಿನ್ಸೆಂಟ್ ಅಟಾನಸಾಫ್. ತಂದೆ ಬಲ್ಗೇರಿಯಾದಿಂದ ಅಮೆರಿಕಕ್ಕೆ ವಲಸೆ ಬಂದವರು, ತಾಯಿ ಗಣಿತದ ಟೀಚರ್. 1903ರಲ್ಲಿ ಹುಟ್ಟಿದ ಹುಡುಗನಿಗೆ ಒಂಬತ್ತನೇ ವಯಸ್ಸಿನಲ್ಲಿ ಅಪ್ಪನ ಸ್ಲೈಡ್ ರೂಲ್ ಸಿಕ್ಕಿತು. ಮಿಕ್ಕ ಮಕ್ಕಳು ಚೆಂಡಾಡುತ್ತಿದ್ದಾಗ ಇವರು ಲಾಗರಿದಮ್ ಹಿಂದೆ ಬಿದ್ದರು. 1930ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಪಿಎಚ್‌.ಡಿ. ಪಡೆದರು. ಆ ಸಂಶೋಧನೆಗಾಗಿ ವಾರಗಟ್ಟಲೆ ಲೆಕ್ಕದ ಯಂತ್ರದ ಮುಂದೆ ಕೂತು ಅಂಕಿ ಒತ್ತಿದ್ದರು. ಅಯೋವಾ ಸ್ಟೇಟ್ ಕಾಲೇಜಿನಲ್ಲಿ ಪಾಠ ಮಾಡಲು ಸೇರಿದ ಮೇಲೆ ತಮ್ಮ ವಿದ್ಯಾರ್ಥಿಗಳಿಗೂ ಅದೇ ಪಾಡು ಬಂದದ್ದನ್ನು ಕಂಡರು.

ಅವರು ಮೊದಲು ಕೈಹಾಕಿದ್ದು ಅನಲಾಗ್ ಯಂತ್ರಕ್ಕೆ. 1936ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಲಾಪ್ಲಾಸಿಯೋಮೀಟರ್ ಎಂಬ ಉಪಕರಣ ಮಾಡಿದರು. ಅನಲಾಗ್ ಎಂದರೆ ಸಂಖ್ಯೆಯನ್ನು ಎಣಿಸದೆ ಅಳೆಯುವುದು: ಸ್ಲೈಡ್ ರೂಲ್‌ನಲ್ಲಿ ಉದ್ದವೇ ಸಂಖ್ಯೆ, ಸರ್ಕ್ಯೂಟ್‌ನಲ್ಲಿ ವೋಲ್ಟೇಜೇ ಸಂಖ್ಯೆ. ಅಳತೆ ಎಷ್ಟು ನಿಖರವೋ ಉತ್ತರವೂ ಅಷ್ಟೇ ನಿಖರ. ಅವರಿಗೆ ಅದು ಸಾಲಲಿಲ್ಲ.

ಅದು ಯಾಕೆ ಸಾಲಲಿಲ್ಲ ಎಂಬುದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ರಾಮನಗರ, ಮಾಗಡಿ, ಕನಕಪುರದ ಮೂವರು ಡಿಪ್ಲೊಮಾ ಗೆಳೆಯರು ಮತ್ತು ನಾನು ಸೇರಿ ಚನ್ನಪಟ್ಟಣದ ನಮ್ಮ ಮನೆಯಲ್ಲಿ ಪುಟ್ಟ ಅನಲಾಗ್ ಕಂಪ್ಯೂಟರ್ ಜೋಡಿಸುತ್ತಿದ್ದೇವೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ 741 ಆಪ್‌ಆಂಪ್‌ಗಳು, ಒಂದಿಷ್ಟು ರೆಸಿಸ್ಟರ್, ಕೆಪಾಸಿಟರ್. ಕೂಡುವುದು, ಕಳೆಯುವುದು ಸಲೀಸು. ಬಂದ ಉತ್ತರವನ್ನು ನೆನಪಿಡುವುದೇ ಕಷ್ಟ. 1 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಲ್ಲಿ 4 ವೋಲ್ಟ್ ಇಟ್ಟು ಟೀ ಕುಡಿದು ಬರುವಷ್ಟರಲ್ಲಿ ಮೀಟರ್ ಬೇರೇನೋ ತೋರಿಸುತ್ತದೆ. ಸೋರುವ ಬಿಂದಿಗೆಯಂತೆ. ಈಗಿರುವ ನೀರನ್ನು ನೋಡಿ ಮೊದಲು ಎಷ್ಟಿತ್ತು ಎಂದು ಯಾರು ಹೇಳಬಲ್ಲರು?

ಈ ಸೋರಿಕೆಗೆ ಅಟಾನಸಾಫ್ ಅವರು ಕಂಡುಕೊಂಡ ಉಪಾಯ ಹುಟ್ಟಿದ್ದು ರಸ್ತೆ ಬದಿಯ ಹೋಟೆಲಿನಲ್ಲಿ. 1937–38ರ ಚಳಿಗಾಲದ ಒಂದು ರಾತ್ರಿ ತಲೆಕೆಟ್ಟು ಕಾರು ಹತ್ತಿದವರು ಬೆಂಗಳೂರು–ಮೈಸೂರು ಹೋಗಿ ಬರುವಷ್ಟು ದೂರ ಓಡಿಸಿ, ಪಕ್ಕದ ಇಲಿನಾಯ್ ರಾಜ್ಯ ಸೇರಿ, ಅಲ್ಲಿ ಕೂತು ಯೋಚಿಸಿದರು. ಬಿಂದಿಗೆಯಲ್ಲಿ ತುಂಬಿದ್ದು, ಖಾಲಿ ಎಂಬ ಎರಡೇ ಸ್ಥಿತಿ ಇದ್ದರೆ ಸ್ವಲ್ಪ ಸೋರಿದರೂ ಚಿಂತೆಯಿಲ್ಲ. ಅರ್ಧಕ್ಕಿಂತ ಹೆಚ್ಚಿದ್ದರೆ ಮತ್ತೆ ತುಂಬಿಸಿದರಾಯಿತು. ಅಂದರೆ ದ್ವಿಮಾನ ಪದ್ಧತಿ, ಜೊತೆಗೆ ಆಗಾಗ ಚಾರ್ಜನ್ನು ನವೀಕರಿಸುವುದು. ಇದಕ್ಕೆ ಅವರಿಟ್ಟ ಹೆಸರು ಜಾಗಿಂಗ್.

1939ರಲ್ಲಿ ಕಾಲೇಜು ಕೊಟ್ಟದ್ದು 650 ಡಾಲರ್. ಕ್ಲಿಫರ್ಡ್ ಬೆರಿ ಎಂಬ ವಿದ್ಯಾರ್ಥಿಯೊಂದಿಗೆ ಕಾಲೇಜಿನ ನೆಲಮಾಳಿಗೆಯಲ್ಲಿ ಕೆಲಸ ಶುರುವಾಯಿತು. 1942ರ ಹೊತ್ತಿಗೆ ಸುಮಾರು 300 ವ್ಯಾಕ್ಯೂಮ್ ಟ್ಯೂಬ್‌ಗಳ, 300 ಕಿಲೋ ಮೀರಿದ ಯಂತ್ರ ಎದ್ದು ನಿಂತಿತು. ನೆನಪಿಗೆ ಎರಡು ಡ್ರಮ್ಮು. ನಮ್ಮೂರಿನಲ್ಲಿ ಬೊಂಬೆಗಾಗಿ ಲೇತಿನ ಮೇಲೆ ತಿರುಗುವ ಮರದ ತುಂಡನ್ನು ನೆನೆಸಿಕೊಳ್ಳಿ. ಒಂದೊಂದು ಡ್ರಮ್ಮಿನಲ್ಲೂ ಸಾವಿರದೈನೂರಕ್ಕೂ ಹೆಚ್ಚು ಕೆಪಾಸಿಟರ್, 50 ಬಿಟ್‌ಗಳ 30 ಸಂಖ್ಯೆಗಳಿಗೆ ಜಾಗ. ಸೆಕೆಂಡಿಗೊಂದು ಸುತ್ತು, ಸುತ್ತಿಗೊಮ್ಮೆ ಪ್ರತಿ ಕೆಪಾಸಿಟರ್‌ಗೂ ಮರುಚಾರ್ಜ್. 29 ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವುದು ಅದರ ಗುರಿ. ನಡುವಿನ ಉತ್ತರಗಳನ್ನು ಕಾರ್ಡಿನ ಮೇಲೆ ಕಿಡಿಯಿಂದ ಸುಟ್ಟು ಬರೆಯುವ ಭಾಗ ಮಾತ್ರ ಆಗಾಗ ಕೈಕೊಡುತ್ತಿತ್ತು.

ಹಾಗೆಂದು ಅನಲಾಗ್ ಕಾಲ ಮುಗಿದಿರಲಿಲ್ಲ. ಅದೇ ವಿಸ್ಕಾನ್ಸಿನ್‌ನ ವಿನ್ಸೆಂಟ್ ರೈಡ್‌ಔಟ್ 1950ರ ದಶಕದಲ್ಲಿ ಬೆಂಗಳೂರಿನ ಐಐಎಸ್‌ಸಿಗೆ ಬಂದಾಗ ಅಲ್ಲಿ ಪ್ರೆಡಾ ಎಂಬ ಅನಲಾಗ್ ಕಂಪ್ಯೂಟರ್ ತಯಾರಾಯಿತು. ನಾವೆಲ್ಲ ಓದುವ ಪಠ್ಯಗಳ ಲೇಖಕ ವಿ. ರಾಜಾರಾಮನ್ ಆಗ ಅಲ್ಲಿ ವಿದ್ಯಾರ್ಥಿ.

ಅತ್ತ ಯುದ್ಧ ಬಂತು. 1942ರಲ್ಲಿ ಅಟಾನಸಾಫ್ ನೌಕಾಪಡೆಯ ಪ್ರಯೋಗಾಲಯಕ್ಕೆ ಹೋದರು. ಪೇಟೆಂಟ್ ಅರ್ಜಿಯನ್ನು ಕಾಲೇಜು ನೋಡಿಕೊಳ್ಳುತ್ತದೆ ಎಂದುಕೊಂಡಿದ್ದರು, ಅದು ಸಲ್ಲಿಕೆಯಾಗಲೇ ಇಲ್ಲ. 1948ರಲ್ಲಿ ಜಾಗ ಬೇಕೆಂದು ಯಂತ್ರವನ್ನೇ ಬಿಚ್ಚಿ ಹಾಕಿದರು. ಅವರಿಗೊಂದು ಮಾತೂ ತಿಳಿಸಲಿಲ್ಲ. ಉಳಿದದ್ದು ಒಂದು ಡ್ರಮ್ಮು ಮತ್ತು ಕೆಲವು ಬಿಡಿಭಾಗ.

1941ರ ಜೂನ್‌ನಲ್ಲಿ ಅವರ ಮನೆಗೆ ಅತಿಥಿಯಾಗಿ ಬಂದು ಯಂತ್ರ ನೋಡಿಹೋಗಿದ್ದ ಜಾನ್ ಮಾಕ್ಲಿ, ಮುಂದೆ ಎಕರ್ಟ್ ಜೊತೆ ಎನಿಯಾಕ್ ಕಟ್ಟಿ ಲೋಕಪ್ರಸಿದ್ಧರಾದರು. ಎನಿಯಾಕ್ ಬಹಳ ದೊಡ್ಡದು, ಹಲವು ಬಗೆಯ ಲೆಕ್ಕ ಮಾಡುತ್ತಿತ್ತು. ಅದನ್ನು ಬರೀ ನಕಲು ಎನ್ನುವುದನ್ನು ನಾನು ಒಪ್ಪಲಾರೆ. ಆದರೆ ಕಂಪನಿಗಳ ನಡುವಿನ ಪೇಟೆಂಟ್ ಮೊಕದ್ದಮೆಯಲ್ಲಿ 1973ರ ಅಕ್ಟೋಬರ್ 19ರಂದು ಮಿನಿಯಾಪೊಲಿಸ್‌ನ ನ್ಯಾಯಾಲಯ ಎನಿಯಾಕ್ ಪೇಟೆಂಟನ್ನು ರದ್ದು ಮಾಡಿ, ಅದರ ಮೂಲ ವಿಚಾರ ಅಟಾನಸಾಫ್ ಅವರದ್ದೆಂದು ಹೇಳಿತು. ಮರುದಿನವೇ ವಾಟರ್‌ಗೇಟ್ ಹಗರಣದ ದೊಡ್ಡ ಗದ್ದಲ. ಈ ಸುದ್ದಿ ಅದರಲ್ಲಿ ಮುಳುಗಿತು. ಬೆರಿ 1963ರಲ್ಲೇ ತೀರಿಕೊಂಡಿದ್ದರು.

ಅಟಾನಸಾಫ್ ಅವರಿಗೆ 1990ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಸಿಕ್ಕಿತು. 1995ರಲ್ಲಿ ನಿಧನರಾದರು. ನಿಮ್ಮ ಜೇಬಿನ ಮೊಬೈಲಿನ ಡಿರ್‍ಯಾಮ್‌ನಲ್ಲಿ ಒಂದೊಂದು ಬಿಟ್ಟೂ ಈಗಲೂ ಕುಳಿತಿರುವುದು ಕೆಪಾಸಿಟರ್ ಮೇಲೆಯೇ. ಈಗಲೂ ಅದು ಸೋರುತ್ತದೆ. ಸೆಕೆಂಡಿಗೆ ಹತ್ತಾರು ಬಾರಿ ಅದನ್ನು ಮತ್ತೆ ತುಂಬಿಸುತ್ತಲೇ ಇರಬೇಕು.