ಶಿಕ್ಷಕರ ಪಾಲಕ ಸಂತ ಜಾನ್ ಹೆನ್ರಿ ನ್ಯೂಮನ್

ನಮ್ಮ ನಾಡಿನ ಶಾಲೆಗಳ ಬೆಳಗಿನ ಪ್ರಾರ್ಥನೆಯಲ್ಲಿ, ಸುಗಮ ಸಂಗೀತದ ವೇದಿಕೆಗಳಲ್ಲಿ, ದೇವಾಲಯಗಳ ಗಾಯನ ವೃಂದಗಳಲ್ಲಿ ಬೆಳಕನ್ನು ಕೈ ಹಿಡಿದು ನಡೆಸೆಂದು ಬೇಡುವ ಒಂದು ಗೀತೆ ಕೇಳಿಬರುತ್ತದೆ. ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವರು ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರು. ಮೂಲ ಗೀತೆ ಮಹಾತ್ಮ ಗಾಂಧೀಜಿಯವರಿಗೆ ಬಹಳ ಪ್ರಿಯವಾಗಿತ್ತು. ಅದನ್ನು ಬರೆದ ಜಾನ್ ಹೆನ್ರಿ ನ್ಯೂಮನ್ ಅವರು ತಮ್ಮ ಬದುಕಿನ ಬಹುಪಾಲನ್ನು ಯುವಜನರಿಗೆ ಪಾಠ ಹೇಳುವುದರಲ್ಲಿ, ವಿಶ್ವವಿದ್ಯಾನಿಲಯ ಎಂದರೆ ಏನಾಗಿರಬೇಕು ಎಂದು ಚಿಂತಿಸುವುದರಲ್ಲಿ ಕಳೆದರು ಎಂಬುದು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ.

2025ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಪೋಪ್ 14ನೇ ಲಿಯೋ ಅವರು ನ್ಯೂಮನ್ ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಸಂತ ಥಾಮಸ್ ಅಕ್ವಿನಾಸ್ ಅವರೊಂದಿಗೆ ಧರ್ಮಸಭೆಯ ಶಿಕ್ಷಣ ಸೇವೆಯ ಪಾಲಕ ಸಂತರನ್ನಾಗಿಯೂ ಅವರನ್ನು ಹೆಸರಿಸಲಾಯಿತು. ಹಾಗಾಗಿ ಶಿಕ್ಷಕರು, ಪಾಲಕರು, ವಿದ್ಯಾರ್ಥಿಗಳು ಎಲ್ಲರೂ ಇರುವ ನಮ್ಮ ಧರ್ಮಕೇಂದ್ರಗಳಲ್ಲಿ ಈ ಮಹನೀಯರ ಬದುಕನ್ನು ತಿಳಿದುಕೊಳ್ಳುವುದು ಸಕಾಲಿಕವೆಂದು ನಾವು ಭಾವಿಸುತ್ತೇವೆ.

ನ್ಯೂಮನ್ 1801ರ ಫೆಬ್ರವರಿ 21ರಂದು ಲಂಡನ್ ನಗರದಲ್ಲಿ ಜನಿಸಿದರು. ಆರು ಮಕ್ಕಳಲ್ಲಿ ಅವರೇ ಹಿರಿಯರು. ತಂದೆ ಬ್ಯಾಂಕ್ ವ್ಯವಹಾರ ನಡೆಸುತ್ತಿದ್ದರು. ನೆಪೋಲಿಯನ್ ಯುದ್ಧಗಳು ಮುಗಿದ ಬಳಿಕ ಉಂಟಾದ ಆರ್ಥಿಕ ಬಿಕ್ಕಟ್ಟಿನಲ್ಲಿ, 1816ರಲ್ಲಿ ಆ ಬ್ಯಾಂಕ್ ಮುಚ್ಚಿತು. ಮನೆಯ ಕಷ್ಟ ಕಂಡ ಹುಡುಗ ಮರುವರ್ಷ ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿಗೆ ಬಂದಾಗ, ಮನೆಯವರ ನಿರೀಕ್ಷೆಯೆಲ್ಲ ಅವನ ಮೇಲೆಯೇ ಇತ್ತು. 1818ರಲ್ಲಿ ವಿದ್ಯಾರ್ಥಿವೇತನವನ್ನೂ ಗೆದ್ದ. ಆದರೆ 1820ರ ಅಂತಿಮ ಪರೀಕ್ಷೆಗೆ ಹಗಲು ರಾತ್ರಿ ಓದಿ ದಣಿದು, ಪರೀಕ್ಷೆಯ ಹೊತ್ತಿಗೆ ಕುಸಿದುಹೋದ. ಪ್ರಥಮ ಸ್ಥಾನದ ನಿರೀಕ್ಷೆಯಲ್ಲಿದ್ದವನ ಹೆಸರು ಯಾದಿಯ ಕೆಳಭಾಗದಲ್ಲಿ ಬಂತು. ಗಣಿತದಲ್ಲಂತೂ ಹೆಸರೇ ಇರಲಿಲ್ಲ.

ನಮ್ಮ ಮನೆಗಳಲ್ಲಿ ಇಂಥ ಫಲಿತಾಂಶ ಬಂದರೆ ಏನಾಗುತ್ತದೆ ಎಂದು ನಾವೆಲ್ಲರೂ ಬಲ್ಲೆವು. ನ್ಯೂಮನ್ ಮಾತ್ರ ಎದೆಗುಂದಲಿಲ್ಲ. ಆಗ ಆಕ್ಸ್‌ಫರ್ಡಿನಲ್ಲಿ ಓರಿಯಲ್ ಕಾಲೇಜಿಗೆ ಬಹಳ ಹೆಸರಿತ್ತು. ಅಲ್ಲಿ ಫೆಲೋ ಆಗಿ ಆಯ್ಕೆ ಮಾಡುವಾಗ ಹಿಂದಿನ ಪರೀಕ್ಷೆಯ ದರ್ಜೆಗಿಂತ, ಅಭ್ಯರ್ಥಿ ಸ್ವತಃ ಯೋಚಿಸಬಲ್ಲನೇ ಎಂಬುದಕ್ಕೆ ಬೆಲೆ ಕೊಡುತ್ತಿದ್ದರು. ನ್ಯೂಮನ್ ಧೈರ್ಯ ಮಾಡಿ ಅರ್ಜಿ ಹಾಕಿದರು. 1822ರ ಏಪ್ರಿಲ್ 12ರಂದು ಅವರು ಆಯ್ಕೆಯಾದರು. ಆ ದಿನವನ್ನು ಅವರು ಜೀವನದುದ್ದಕ್ಕೂ ಕೃತಜ್ಞತೆಯಿಂದ ನೆನೆದರು. ಒಂದು ಪರೀಕ್ಷೆ ಕೈಬಿಟ್ಟ ಯುವಕನನ್ನು ಇನ್ನೊಂದು ರೀತಿಯ ಪರೀಕ್ಷೆ ಗುರುತಿಸಿತು. ಮುಂದೆ ಶಿಕ್ಷಣದ ಬಗ್ಗೆ ಅವರು ಹೇಳಿದ್ದನ್ನು ಓದುವಾಗ ಈ ಅನುಭವ ನೆನಪಾಗದೆ ಇರುವುದಿಲ್ಲ.

1825ರಲ್ಲಿ ಅವರು ಆಂಗ್ಲಿಕನ್ ಸಭೆಯ ಗುರುವಾದರು. ಮರುವರ್ಷ ಓರಿಯಲ್ ಕಾಲೇಜಿನ ಟ್ಯೂಟರ್ ಆಗಿ ನೇಮಕಗೊಂಡರು. ಆಗಿನ ಪದ್ಧತಿಯಲ್ಲಿ ಟ್ಯೂಟರ್ ಎಂದರೆ ನಿಗದಿತ ಪಾಠ ಒಪ್ಪಿಸಿ, ಶಿಸ್ತು ನೋಡಿಕೊಳ್ಳುವವರು. ಪರೀಕ್ಷೆಗೆ ನಿಜವಾದ ತಯಾರಿ ಬೇಕಿದ್ದ ವಿದ್ಯಾರ್ಥಿಗಳು ಹಣ ಕೊಟ್ಟು ಖಾಸಗಿ ಬೋಧಕರನ್ನು ಹಿಡಿಯಬೇಕಿತ್ತು. ಕಾಲೇಜೂ ಬೇಕು, ಹೊರಗೆ ಕೋಚಿಂಗೂ ಬೇಕು ಎಂಬ ನಮ್ಮ ಕಾಲದ ದೂರು ಹೊಸದಲ್ಲ ಎಂದಾಯಿತು! ನ್ಯೂಮನ್ ಇದನ್ನು ಒಪ್ಪಲಿಲ್ಲ. ಶ್ರದ್ಧೆಯಿಂದ ಓದುವ ಹುಡುಗರಿಗೆ ತಾವೇ ಹೆಚ್ಚುವರಿ ಸಮಯ ಕೊಟ್ಟು, ಏನನ್ನೂ ಪಡೆಯದೆ ಕಲಿಸಿದರು. ವಿದ್ಯಾರ್ಥಿಗಳೊಡನೆ ನಡೆದಾಡುತ್ತಾ ಮಾತನಾಡಿದರು. ಬೋಧಕನ ಕೆಲಸವೂ ಗುರುದೀಕ್ಷೆ ಪಡೆದವನ ಪಾಲನಾ ಸೇವೆಯ ಭಾಗವೇ ಎಂಬುದು ಅವರ ನಂಬಿಕೆಯಾಗಿತ್ತು. ಸಿರಿವಂತರ ಮಕ್ಕಳ ಮೋಜಿಗೆ ಅವರು ರಿಯಾಯಿತಿ ತೋರಲಿಲ್ಲ. ಭಕ್ತಿಯಿಲ್ಲದವರನ್ನೂ ಒತ್ತಾಯದಿಂದ ಪ್ರಭುಭೋಜನಕ್ಕೆ ಕಳಿಸುವ ಪದ್ಧತಿಯನ್ನೂ ವಿರೋಧಿಸಿದರು.

1829ರ ಹೊತ್ತಿಗೆ ಹರೆಲ್ ಫ್ರೌಡ್ ಮತ್ತು ರಾಬರ್ಟ್ ವಿಲ್ಬರ್‌ಫೋರ್ಸ್ ಎಂಬ ಸಹ ಟ್ಯೂಟರುಗಳೊಂದಿಗೆ ಸೇರಿ, ಪ್ರತಿ ವಿದ್ಯಾರ್ಥಿಗೂ ತನ್ನವರೇ ಆದ ಒಬ್ಬ ಬೋಧಕರಿರುವ ಹೊಸ ಕ್ರಮವನ್ನು ಅವರು ಆರಂಭಿಸಿದರು. ಕಾಲೇಜಿನ ಮುಖ್ಯಸ್ಥರಾದ ಎಡ್ವರ್ಡ್ ಹಾಕಿನ್ಸ್ ಇದಕ್ಕೆ ಒಪ್ಪಲಿಲ್ಲ. ನ್ಯೂಮನ್ ಅವರನ್ನು ವಜಾ ಮಾಡಲಿಲ್ಲ, ಆದರೆ ಅವರಿಗೆ ಹೊಸ ವಿದ್ಯಾರ್ಥಿಗಳನ್ನು ಕಳಿಸುವುದನ್ನೇ ನಿಲ್ಲಿಸಿದರು. ಇದ್ದವರು ಓದು ಮುಗಿಸಿ ಹೋದಂತೆ 1832ರ ಹೊತ್ತಿಗೆ ಅವರ ಬೋಧನಾ ಕೆಲಸವೂ ಕೊನೆಗೊಂಡಿತು.

ಕೆಲಸವಿಲ್ಲದ ಆ ಬಿಡುವಿನಲ್ಲಿ ಅವರು ಮೆಡಿಟರೇನಿಯನ್ ಪ್ರವಾಸಕ್ಕೆ ಹೊರಟರು. ಸಿಸಿಲಿ ದ್ವೀಪದಲ್ಲಿ ಜ್ವರ ಬಂದು ಸಾವಿನ ಅಂಚಿಗೆ ಹೋಗಿ ಬಂದರು. 1833ರ ಜೂನ್ ತಿಂಗಳಲ್ಲಿ, ಕಿತ್ತಳೆ ಹಣ್ಣು ಸಾಗಿಸುವ ದೋಣಿಯಲ್ಲಿ ಮರಳುವಾಗ ಗಾಳಿ ಬೀಸದೆ ದೋಣಿ ನಡುನೀರಿನಲ್ಲಿ ನಿಂತುಬಿಟ್ಟಿತು. ಆಗ ಹುಟ್ಟಿದ್ದೇ ಮೇಲೆ ಹೇಳಿದ ಗೀತೆ. ಗಾಳಿಗಾಗಿ ಕಾಯುವ ದೋಣಿ ಎಂದರೆ ಏನೆಂದು ಕರಾವಳಿಯ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಊರಿಗೆ ಮರಳಿದ ಅವರು ಆಂಗ್ಲಿಕನ್ ಸಭೆಯ ನವೀಕರಣಕ್ಕಾಗಿ ಹುಟ್ಟಿದ ಆಕ್ಸ್‌ಫರ್ಡ್ ಚಳುವಳಿಯ ಮುಂದಾಳಾದರು. ಪ್ರಾಚೀನ ಧರ್ಮಪಿತೃಗಳ ಅಧ್ಯಯನ ಅವರನ್ನು ಹಂತ ಹಂತವಾಗಿ ಕಥೋಲಿಕ ಧರ್ಮಸಭೆಯ ಕಡೆಗೆ ಕರೆತಂದಿತು. 1845ರ ಅಕ್ಟೋಬರ್ 9ರಂದು ಇಟಲಿಯ ಧರ್ಮಗುರು ಪುನೀತ ಡೊಮಿನಿಕ್ ಬಾರ್ಬೆರಿಯವರು ಅವರನ್ನು ಧರ್ಮಸಭೆಗೆ ಬರಮಾಡಿಕೊಂಡರು. ಇದಕ್ಕಾಗಿ ಅವರು ಸ್ಥಾನಮಾನ, ಗೆಳೆಯರು, ಪ್ರೀತಿಯ ಆಕ್ಸ್‌ಫರ್ಡ್ ಎಲ್ಲವನ್ನೂ ಬಿಟ್ಟರು. 1847ರಲ್ಲಿ ರೋಮಿನಲ್ಲಿ ಗುರುದೀಕ್ಷೆ ಪಡೆದು, 1848ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂತ ಫಿಲಿಪ್ ನೇರಿಯವರ ಒರೆಟರಿಯನ್ನು ಸ್ಥಾಪಿಸಿದರು.

ಅವರ ಬದುಕಿನ ದೊಡ್ಡ ಶೈಕ್ಷಣಿಕ ಪ್ರಯೋಗ ಐರ್ಲೆಂಡಿನಲ್ಲಿ ನಡೆಯಿತು. ಅಲ್ಲಿ ಹಳೆಯ ಟ್ರಿನಿಟಿ ಕಾಲೇಜು ಪ್ರೊಟೆಸ್ಟಂಟರ ಹಿಡಿತದಲ್ಲಿತ್ತು. ಸರ್ಕಾರ 1845ರ ಕಾಯಿದೆಯಂತೆ ಬೆಲ್‌ಫಾಸ್ಟ್, ಕಾರ್ಕ್ ಮತ್ತು ಗಾಲ್ವೇಗಳಲ್ಲಿ ತೆರೆದ ಕಾಲೇಜುಗಳಲ್ಲಿ ಧರ್ಮದ ಬೋಧನೆಗೆ ಸ್ಥಾನವಿರಲಿಲ್ಲ. ಆದ್ದರಿಂದ ಧರ್ಮಾಧ್ಯಕ್ಷರು ತಮ್ಮದೇ ವಿಶ್ವವಿದ್ಯಾನಿಲಯ ಕಟ್ಟಲು ನಿರ್ಧರಿಸಿದರು. ಮಹಾಧರ್ಮಾಧ್ಯಕ್ಷ ಪಾಲ್ ಕಲ್ಲೆನ್ ಅವರು 1851ರಲ್ಲಿ ನ್ಯೂಮನ್ ಅವರನ್ನು ಆಹ್ವಾನಿಸಿದರು. 1852ರ ಮೇ ತಿಂಗಳಲ್ಲಿ ಡಬ್ಲಿನ್‌ನಲ್ಲಿ ಅವರು ಆರಂಭಿಸಿದ ಉಪನ್ಯಾಸಗಳೇ ಮುಂದೆ ಬೆಳೆದು, 1873ರಲ್ಲಿ ವಿಶ್ವವಿದ್ಯಾನಿಲಯದ ಪರಿಕಲ್ಪನೆಯ ಕುರಿತ ಅವರ ಪ್ರಸಿದ್ಧ ಗ್ರಂಥವಾಗಿ ರೂಪುಗೊಂಡವು.

ಆ ಗ್ರಂಥದ ಸಾರವನ್ನು ಸರಳವಾಗಿ ಹೀಗೆ ಹೇಳಬಹುದು. ಜ್ಞಾನಕ್ಕೆ ಅದರದೇ ಬೆಲೆಯಿದೆ. ಅದು ಕೆಲಸ ಕೊಡಿಸುತ್ತದೆ ಎಂಬುದು ನಿಜವಾದರೂ ಅದೊಂದೇ ಅದರ ಬೆಲೆಯಲ್ಲ. ಎಲ್ಲ ವಿಷಯಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ದೇವಶಾಸ್ತ್ರವನ್ನಾಗಲಿ ಬೇರೆ ಯಾವುದನ್ನಾಗಲಿ ಹೊರಗಿಟ್ಟರೆ, ಉಳಿದ ವಿಷಯಗಳು ಆ ಜಾಗವನ್ನು ಆಕ್ರಮಿಸಿ ತಮಗೆ ಗೊತ್ತಿಲ್ಲದ್ದನ್ನೂ ಹೇಳತೊಡಗುತ್ತವೆ. ಮಾಹಿತಿ ತುಂಬಿಕೊಂಡ ಮಾತ್ರಕ್ಕೆ ಮನಸ್ಸು ಬೆಳೆಯುವುದಿಲ್ಲ. ಕಲಿತದ್ದನ್ನು ಜೋಡಿಸಿ, ತೂಗಿ, ತೀರ್ಮಾನಿಸುವ ಶಕ್ತಿ ಬಂದಾಗಲೇ ಅದು ಬೆಳೆಯುತ್ತದೆ. ಪಾಠವನ್ನೇ ಮಾಡದೆ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಿಂತ, ಯುವಕರನ್ನು ಕೆಲವು ವರ್ಷ ಒಟ್ಟಿಗೆ ಬಾಳಲು ಬಿಟ್ಟು ಕಳಿಸುವ ಸಂಸ್ಥೆಯೇ ಮೇಲು ಎಂದೂ ಅವರು ವಾದಿಸಿದರು. ಅದೇ ವೇಳೆ, ಎಷ್ಟೇ ಒಳ್ಳೆಯ ವಿದ್ಯೆಯೂ ತಾನಾಗಿ ಮನುಷ್ಯನನ್ನು ಸದ್ಗುಣಿಯಾಗಿಸದು ಎಂದು ಎಚ್ಚರಿಸಲು ಮರೆಯಲಿಲ್ಲ.

1854ರ ನವೆಂಬರ್ 3ರಂದು ಡಬ್ಲಿನ್‌ನ ಸೇಂಟ್ ಸ್ಟೀಫನ್ಸ್ ಗ್ರೀನ್‌ನಲ್ಲಿ ವಿಶ್ವವಿದ್ಯಾನಿಲಯ ತೆರೆಯಿತು. ಮೊದಲ ದಿನ ಇದ್ದ ವಿದ್ಯಾರ್ಥಿಗಳು ಇಪ್ಪತ್ತರ ಒಳಗೆ. ನ್ಯೂಮನ್ ಅವರನ್ನು ಸಣ್ಣ ಸಣ್ಣ ಮನೆಗಳಲ್ಲಿ ಇರಿಸಿದರು. ಪ್ರತಿ ಮನೆಗೂ ಮೇಲ್ವಿಚಾರಕರು, ಬೋಧಕರು ಇದ್ದರು. ಅಂಥ ಒಂದು ಮನೆಯಲ್ಲಿ ವಿದ್ಯಾರ್ಥಿಗಳೊಂದಿಗೆ ಸ್ವತಃ ನ್ಯೂಮನ್ ವಾಸಿಸಿದರು. ಪ್ರಾಧ್ಯಾಪಕರಲ್ಲಿ ಹೆಚ್ಚಿನವರು ಶ್ರೀಸಾಮಾನ್ಯ ವಿಶ್ವಾಸಿಗಳಾಗಿದ್ದರು. 1855ರಲ್ಲಿ ವೈದ್ಯಕೀಯ ಶಾಲೆ ಆರಂಭವಾಯಿತು. ಹಗಲು ದುಡಿಯುವವರಿಗಾಗಿ ಸಂಜೆ ತರಗತಿಗಳು, ಸಂಶೋಧನೆಗಾಗಿ ಒಂದು ಪತ್ರಿಕೆ ಕೂಡ ಬಂದವು. ಅವರು ಬರಿ ಆದರ್ಶ ಮಾತನಾಡುವವರು, ವೃತ್ತಿ ಶಿಕ್ಷಣದ ವಿರೋಧಿ ಎನ್ನುವವರು ಇದನ್ನು ಗಮನಿಸಬೇಕು.

ಆದರೆ ಕಷ್ಟಗಳು ಬೆನ್ನು ಬಿಡಲಿಲ್ಲ. ಐರ್ಲೆಂಡ್ ಆಗಷ್ಟೇ ಭೀಕರ ಕ್ಷಾಮದಿಂದ ಹೊರಬಂದಿತ್ತು. ಮಕ್ಕಳನ್ನು ಓದಿಸುವಷ್ಟು ಅನುಕೂಲವಿದ್ದ ಕುಟುಂಬಗಳು ಕಡಿಮೆ. ಬಡ ಜನರು ಧರ್ಮಕೇಂದ್ರಗಳಲ್ಲಿ ಕೊಟ್ಟ ಕಾಣಿಕೆಯಿಂದಲೇ ಸಂಸ್ಥೆ ನಡೆಯಬೇಕಿತ್ತು. ಸರ್ಕಾರದ ಸನ್ನದು ಸಿಗದ ಕಾರಣ ಪದವಿಗಳಿಗೆ ಮಾನ್ಯತೆ ಇರಲಿಲ್ಲ. ಹಣಕಾಸಿನಲ್ಲಿ ಶ್ರೀಸಾಮಾನ್ಯರಿಗೂ ಜವಾಬ್ದಾರಿ ಕೊಡಬೇಕೆಂಬ ನ್ಯೂಮನ್ ಅವರ ಕೋರಿಕೆ ಈಡೇರಲಿಲ್ಲ. ಕಲ್ಲೆನ್ ಅವರೊಂದಿಗೆ ಭಿನ್ನಾಭಿಪ್ರಾಯ ಬೆಳೆಯಿತು. ಬರ್ಮಿಂಗ್‌ಹ್ಯಾಮ್ ಮತ್ತು ಡಬ್ಲಿನ್ ನಡುವೆ 50ಕ್ಕೂ ಹೆಚ್ಚು ಬಾರಿ ಸಮುದ್ರ ದಾಟಿ ಓಡಾಡಿದ ಅವರು, 1858ರ ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಎರಡನೆಯ ಬಾರಿಯೂ ಅವರ ಶಿಕ್ಷಣದ ಕನಸು ಅರ್ಧಕ್ಕೆ ನಿಂತಿತು.

ಇಷ್ಟಾದರೂ ಅವರು ಕಹಿಯಾಗಲಿಲ್ಲ. 1859ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಡುಗರಿಗಾಗಿ ಶಾಲೆ ತೆರೆದರು. ತಮ್ಮ ವಿಶ್ವಾಸವನ್ನು ಅರಿತು, ಅದನ್ನು ಬೇರೆಯವರಿಗೆ ವಿವರಿಸಬಲ್ಲ ಶ್ರೀಸಾಮಾನ್ಯರು ಧರ್ಮಸಭೆಗೆ ಬೇಕೆಂದು ಮತ್ತೆ ಮತ್ತೆ ಹೇಳಿದರು. ಇದಕ್ಕಾಗಿ ಕೆಲವರ ಸಂಶಯಕ್ಕೂ ಗುರಿಯಾದರು. ಆಕ್ಸ್‌ಫರ್ಡಿನಲ್ಲಿ ಒರೆಟರಿ ಸ್ಥಾಪಿಸುವ ಅವರ ಯೋಜನೆಯನ್ನೂ ತಡೆಯಲಾಯಿತು. 1864ರಲ್ಲಿ ತಮ್ಮ ಪ್ರಾಮಾಣಿಕತೆಯ ಮೇಲೆ ಬಂದ ಆರೋಪಕ್ಕೆ ಉತ್ತರವಾಗಿ ಬರೆದ ಆತ್ಮಕಥನ ಇಂಗ್ಲೆಂಡಿನ ಜನರ ಮನಸ್ಸನ್ನು ಗೆದ್ದಿತು. ಪರೀಕ್ಷೆಯಲ್ಲಿ ಕುಸಿದ ಹುಡುಗನನ್ನು ಕಂಡಿದ್ದ ಅದೇ ಟ್ರಿನಿಟಿ ಕಾಲೇಜು, 1877ರ ಕೊನೆಯಲ್ಲಿ ಅವರನ್ನು ತನ್ನ ಮೊದಲ ಗೌರವ ಫೆಲೋ ಆಗಿ ಆರಿಸಿತು. 1879ರಲ್ಲಿ ಪೋಪ್ 13ನೇ ಲಿಯೋ ಅವರು ಕಾರ್ಡಿನಲ್ ಪದವಿ ನೀಡಿದರು. 1890ರ ಆಗಸ್ಟ್ 11ರಂದು ನ್ಯೂಮನ್ ನಿಧನರಾದರು. 2010ರ ಸೆಪ್ಟೆಂಬರ್ 19ರಂದು ಪೋಪ್ 16ನೇ ಬೆನೆಡಿಕ್ಟ್ ಅವರು ಪುನೀತರೆಂದು ಘೋಷಿಸಿದರು. 2019ರ ಅಕ್ಟೋಬರ್ 13ರಂದು ಪೋಪ್ ಫ್ರಾನ್ಸಿಸ್ ಅವರು ಸಂತ ಪದವಿಗೇರಿಸಿದಾಗ, ನಮ್ಮ ನೆರೆಯ ಕೇರಳದ ಮರಿಯಂ ತ್ರೇಸಿಯಾ ಅವರೂ ಅದೇ ದಿನ ಸಂತರಾದರು.

ಡಬ್ಲಿನ್‌ನ ಸಂಸ್ಥೆಯೂ ಸಾಯಲಿಲ್ಲ. 1880ರ ದಶಕದಲ್ಲಿ ಯೇಸುಸಭೆಯ ಗುರುಗಳು ಅದನ್ನು ನಡೆಸಿದರು. ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಅಲ್ಲಿ ಪಾಠ ಹೇಳಿದರು, ಲೇಖಕ ಜೇಮ್ಸ್ ಜಾಯ್ಸ್ ಅಲ್ಲಿ ಓದಿದರು. ಇಂದಿನ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್ ತನ್ನ ಮೂಲವನ್ನು ನ್ಯೂಮನ್ ಅವರಲ್ಲಿಯೇ ಕಾಣುತ್ತದೆ.

ಈ ಕಥೆ ನಮಗೇಕೆ? ನ್ಯೂಮನ್ ಡಬ್ಲಿನ್‌ನಲ್ಲಿ ಇದ್ದಾಗಲೇ, 1857ರಲ್ಲಿ, ಕಲ್ಕತ್ತಾ, ಬೊಂಬಾಯಿ ಮತ್ತು ಮದರಾಸು ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಅವು ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ, ಪರೀಕ್ಷೆ ನಡೆಸಿ ಪದವಿ ನೀಡಲೆಂದೇ ರೂಪುಗೊಂಡವು. ಪಾಠ ಹೇಳುವ ಹೊಣೆ ಕಾಲೇಜುಗಳದ್ದಾಯಿತು. ಮಂಗಳೂರಿನಲ್ಲಿ 1880ರಲ್ಲಿ ಯೇಸುಸಭೆಯವರು ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜು, 1921ರಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ಸಂತ ಆಗ್ನೆಸ್ ಕಾಲೇಜು ಮದರಾಸಿನ ಪರೀಕ್ಷೆಗಳಿಗೇ ಮಕ್ಕಳನ್ನು ತಯಾರು ಮಾಡಿದವು. ನಮ್ಮ ಹಿರಿಯರಲ್ಲಿ ಹಲವರು ಇಂಥ ಕಾಲೇಜುಗಳನ್ನು ನೆನೆಯುವಾಗ ಪರೀಕ್ಷೆಯ ಅಂಕವನ್ನು ನೆನೆಯುವುದಿಲ್ಲ. ಹೆಸರು ಹಿಡಿದು ಕರೆದ, ಮನೆಯ ಕಷ್ಟ ವಿಚಾರಿಸಿದ ಒಬ್ಬ ಗುರುವನ್ನೋ ಭಗಿನಿಯನ್ನೋ ನೆನೆಯುತ್ತಾರೆ.

ಇಂದು ಪ್ರಶ್ನೆ ಇನ್ನೂ ಹರಿತವಾಗಿದೆ. ಮೊಬೈಲಿನಲ್ಲಿರುವ ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಪ್ರಬಂಧ ಬರೆದು ಕೊಡುತ್ತದೆ. ಉತ್ತರ ಒಪ್ಪಿಸುವುದೇ ಕಲಿಕೆಯಾದರೆ ಕಾಲೇಜು ಏಕೆ ಬೇಕು ಎಂದು ವಿದ್ಯಾರ್ಥಿ ಕೇಳಿದರೆ ನಾವೇನು ಹೇಳೋಣ? ಕೆಲಸ ಸಿಗುವ ಕೋರ್ಸನ್ನೇ ಹುಡುಕುವ ಪಾಲಕರನ್ನು ನಾವು ದೂರುವುದಿಲ್ಲ. ಸಾಲ ಮಾಡಿ ಶುಲ್ಕ ಕಟ್ಟುವವರ ಚಿಂತೆ ನಿಜವಾದದ್ದು. ಆದರೆ ಮಗ ಅಥವಾ ಮಗಳು ಸರಿ ತಪ್ಪುಗಳನ್ನು ತೂಗಿ ನೋಡಲು ಕಲಿಯದಿದ್ದರೆ, ಸಿಕ್ಕಿದ ಕೆಲಸ ಬದಲಾದ ದಿನ ಅವರ ಕೈಯಲ್ಲಿ ಏನೂ ಉಳಿಯದು. ಆ ಕಲಿಕೆ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಜೊತೆ ಕುಳಿತಾಗಲೇ ಆಗುತ್ತದೆ ಎಂಬುದನ್ನು ಓರಿಯಲ್‌ನ ಟ್ಯೂಟರ್ ಎರಡು ಶತಮಾನಗಳ ಹಿಂದೆಯೇ ಅರಿತಿದ್ದರು.

ಸಂತ ನ್ಯೂಮನ್ ಅವರ ಹಬ್ಬ ಅಕ್ಟೋಬರ್ 9. ಆ ದಿನದ ಆಸುಪಾಸಿನ ಭಾನುವಾರ ನಮ್ಮ ಧರ್ಮಕೇಂದ್ರಗಳಲ್ಲಿ ಕಾಲೇಜು ಶಿಕ್ಷಕರನ್ನೂ ವಿದ್ಯಾರ್ಥಿಗಳನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸಿದರೆ ಒಳ್ಳೆಯದು. ಈ ಬಾರಿ ಕಡಿಮೆ ಅಂಕ ಬಂದು ಮನೆಯಿಂದ ಹೊರಬರಲು ನಾಚುತ್ತಿರುವ ಮಗುವೊಂದು ನಮ್ಮ ವಾಳೆಯಲ್ಲಿಯೂ ಇರಬಹುದು. ಮೊದಲು ಆ ಮನೆಗೆ ಹೋಗೋಣ. 1820ರಲ್ಲಿ ಪರೀಕ್ಷೆಯಲ್ಲಿ ಸೋತ ಹುಡುಗನೊಬ್ಬ ಇಂದು ಶಿಕ್ಷಣದ ಪಾಲಕ ಸಂತನಾಗಿದ್ದಾನೆ ಎಂದು ಆ ಮಗುವಿಗೆ ಹೇಳೋಣ.