ಪಂಡಿತಾ ರಮಾಬಾಯಿಯವರೂ ಹೆಣ್ಣುಮಕ್ಕಳ ಉದ್ಯೋಗವೂ

ಹರಿಹರದ ಸೇತುವೆಯ ಕೆಳಗೆ ಹರಿಯುವ ತುಂಗಭದ್ರೆಯ ನೀರು ಪಶ್ಚಿಮಘಟ್ಟದ ಗಂಗಾಮೂಲವೆಂಬ ಅರಣ್ಯದಿಂದ ಇಳಿದು ಬರುವುದು. ತುಂಗೆಯೂ ಭದ್ರೆಯೂ ಹುಟ್ಟುವ ಆ ಕಾಡಿನಲ್ಲಿಯೇ 1858ನೆಯ ಇಸವಿ ಏಪ್ರಿಲ್ 23ರಂದು ಒಂದು ಹೆಣ್ಣುಕೂಸು ಜನಿಸಿತು. ಮುಂದೆ ಪಂಡಿತಾ ರಮಾಬಾಯಿಯೆಂದು ಮೂರು ಖಂಡಗಳಲ್ಲಿ ಪ್ರಖ್ಯಾತಿಗೊಂಡವರು ಇವರೇ. ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ದಿನ, ಮಗಳನ್ನು ಮುಂದೆ ಏನು ಓದಿಸುವುದು, ಯಾವ ಉದ್ಯೋಗಕ್ಕೆ ಸಿದ್ಧಗೊಳಿಸುವುದು ಎಂಬ ಮಾತು ನಮ್ಮ ಕೆ.ಬಿ. ಬಡಾವಣೆಯ ಮನೆಮನೆಗಳಲ್ಲಿ ವರ್ಷಂಪ್ರತಿ ಏಳುವುದುಂಟು. ಆ ವಿಚಾರದಲ್ಲಿ ಈ ಮಹನೀಯಳ ಜೀವಿತದಿಂದ ತಿಳಿಯತಕ್ಕದ್ದು ಬಹಳವಿರುವುದರಿಂದ, ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಅದನ್ನು ಸಂಗ್ರಹವಾಗಿ ಇಡುತ್ತೇವೆ.

ತಂದೆಯಾದ ಅನಂತಶಾಸ್ತ್ರಿ ಡೋಂಗರೆಯವರು ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಅವರ ಮನೆಮಾತು ಮರಾಠಿ. ಹೆಂಗಸರಿಗೆ ದೇವಭಾಷೆಯನ್ನು ಕಲಿಸಬಾರದೆಂಬ ಆ ಕಾಲದಲ್ಲಿ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿ, ಜನರ ಆಕ್ಷೇಪಣೆಗೆ ಗುರಿಯಾಗಿ, ಕಾಡಿನಲ್ಲಿ ಮನೆಮಾಡಿಕೊಂಡರು. ಕೂಸು ಕೆಲವು ತಿಂಗಳದ್ದಾಗಿರುವಾಗಲೇ ಸಂಸಾರವು ತೀರ್ಥಯಾತ್ರೆಗೆ ಹೊರಟಿತು. ಅಂದಿನಿಂದ ದೇವಾಲಯಗಳಲ್ಲಿ ಪುರಾಣವನ್ನು ಓದಿ ಹೇಳುವುದೇ ಅವರ ಜೀವನೋಪಾಯ. ವೃದ್ಧರಾಗಿದ್ದ ತಂದೆಗೆ ಬದಲಾಗಿ ತಾಯಿಯೇ ಮಗಳಿಗೆ ಪಾಠ ಹೇಳಿದಳು. ಹದಿನೈದು ಹದಿನಾರರ ಪ್ರಾಯಕ್ಕೆ ಭಾಗವತದ ಸುಮಾರು 18,000 ಶ್ಲೋಕಗಳು ಬಾಯಿಗೆ ಬಂದಿದ್ದುವೆಂದು ಚರಿತ್ರಕಾರರು ಹೇಳುತ್ತಾರೆ. ಮರಾಠಿ, ಕನ್ನಡ, ಹಿಂದುಸ್ಥಾನಿಗಳು ಊರೂರು ತಿರುಗುವಾಗ ಬಂದ ಭಾಷೆಗಳು.

ಇಷ್ಟು ವಿದ್ಯೆಯಿದ್ದ ಮನೆಗೆ ಏನಾಯಿತೆಂಬುದನ್ನು ವಾಚಕರು ಗಮನಿಸಬೇಕು. 1870ರ ದಶಕದ ಕ್ಷಾಮಕಾಲದಲ್ಲಿ ಪುರಾಣವನ್ನು ಕೇಳುವವರೂ ಇಲ್ಲ, ದಕ್ಷಿಣೆ ಕೊಡುವವರೂ ಇಲ್ಲ. ಕೂಲಿ ಮಾಡಲು ಅಭಿಮಾನ ಬಿಡದು. ಬೇಡಲು ಬಾಯಿ ಬಾರದು. ಬೇರೆ ಯಾವ ಕೆಲಸವನ್ನೂ ಅವರು ಕಲಿತವರಲ್ಲ. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹಸಿವಿನಿಂದ ತೀರಿಹೋದರು. ಪ್ರಾಮಾಣಿಕವಾಗಿ ಅನ್ನ ಗಳಿಸುವ ಒಂದು ದಾರಿಯಾದರೂ ತಮಗೆ ತಿಳಿದಿರಲಿಲ್ಲವೆಂದು ರಮಾಬಾಯಿಯವರು ಮುಂದೆ ತಮ್ಮ ಆತ್ಮವೃತ್ತಾಂತದಲ್ಲಿ ನಿಷ್ಠುರವಾಗಿಯೇ ಬರೆದುಕೊಂಡಿದ್ದಾರೆ. ಅವರು ಆಮೇಲೆ ಕೈಗೊಂಡ ಕಾರ್ಯಕ್ಕೆಲ್ಲ ಬೀಜವು ಇಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ.

ಉಳಿದವರು ಅಣ್ಣ ಶ್ರೀನಿವಾಸನೂ ತಂಗಿಯೂ. ಅವರಿಬ್ಬರೂ ಕಾಲ್ನಡೆಯಿಂದ ಉತ್ತರದೇಶವನ್ನೆಲ್ಲ ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿನ ವಿದ್ವಾಂಸರು ಈ ಯುವತಿಯನ್ನು ಪರೀಕ್ಷಿಸಿ ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿಯೆಂಬ ವಂಗೀಯ ವಕೀಲರನ್ನು ಜಾತಿಭೇದವೆಣಿಸದೆ ವಿವಾಹವಾದರು; 1881ರಲ್ಲಿ ಮನೋರಮೆ ಹುಟ್ಟಿದಳು; 1882ರ ಆರಂಭದಲ್ಲಿ ಪತಿಯು ವಾಂತಿಭೇದಿಯಿಂದ ಮರಣಹೊಂದಿದನು. ಇಪ್ಪತ್ತನಾಲ್ಕು ವರ್ಷ ತುಂಬುವ ಮೊದಲೇ ವಿಧವೆ. ತೊಡೆಯ ಮೇಲೆ ಹಾಲುಗೂಸು.

ರಮಾಬಾಯಿಯವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಆ ವರ್ಷ ವಿದ್ಯಾಭ್ಯಾಸದ ವಿಚಾರಣೆಗೆ ಬಂದ ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳ ಪಾಠಶಾಲೆಗಳಿಗೆ ಉಪಾಧ್ಯಾಯಿನಿಯರೂ, ಸ್ತ್ರೀಯರ ವ್ಯಾಧಿಗಳಿಗೆ ಸ್ತ್ರೀವೈದ್ಯರೂ ಬೇಕೆಂದು ವಾದಿಸಿದರು. ತಾವೇ ವೈದ್ಯರಾಗಬೇಕೆಂದು ನಿಶ್ಚಯಿಸಿ, ತಮ್ಮ ಮರಾಠಿ ಗ್ರಂಥವಾದ ‘ಸ್ತ್ರೀಧರ್ಮನೀತಿ’ಯಿಂದ ಬಂದ ಹಣದ ಸಹಾಯದಿಂದ 1883ರಲ್ಲಿ ಮಗುವಿನೊಡನೆ ಇಂಗ್ಲೆಂಡಿಗೆ ಹಡಗು ಹತ್ತಿದರು. ವಾಂಟೇಜಿನ ಸಹೋದರಿಯರ ಮಠದಲ್ಲಿ ಇಳಿದುಕೊಂಡು ಅದೇ ವರ್ಷ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಹೊಂದಿದರು.

ಆದರೆ ವೈದ್ಯವಿದ್ಯೆಯ ಬಾಗಿಲು ತೆರೆಯಲಿಲ್ಲ. ಅವರ ಕಿವಿಗಳು ಮಂದವಾಗುತ್ತ ಬಂದಿದ್ದುವು. ಆ ಕಾರಣದಿಂದ ವೈದ್ಯಶಿಕ್ಷಣವು ದೊರೆಯದೆ ಹೋಯಿತು. ಸಮುದ್ರವನ್ನು ದಾಟಿ ಬಂದ ಉದ್ದೇಶವೇ ಕೈತಪ್ಪಿದಾಗ ಬೇರೊಬ್ಬರಾಗಿದ್ದರೆ ಹಣೆಬರಹವನ್ನು ಹಳಿದು ಕುಳಿತಿರುತ್ತಿದ್ದರೋ ಏನೋ. ರಮಾಬಾಯಿಯವರು ಚೆಲ್ಟೆನ್‌ಹ್ಯಾಮಿನ ಸ್ತ್ರೀಯರ ಕಾಲೇಜನ್ನು ಸೇರಿ, ಡೊರೊಥಿಯಾ ಬೀಲ್ ಎಂಬ ಪ್ರಾಜ್ಞೆಯ ಆಶ್ರಯದಲ್ಲಿ ಸಂಸ್ಕೃತವನ್ನು ಕಲಿಸುತ್ತ, ಗಣಿತ ವಿಜ್ಞಾನಗಳನ್ನು ಕಲಿಯುತ್ತ, ತಮಗೆ ಸ್ವಭಾವಸಿದ್ಧವಾದ ಕೆಲಸವು ಬೋಧನೆಯೇ ಎಂಬುದನ್ನು ಕಂಡುಕೊಂಡರು. 1886ರಲ್ಲಿ ತಮ್ಮ ದೂರದ ಬಂಧುವಾದ ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯದಲ್ಲಿ ವೈದ್ಯಪದವಿ ಪಡೆಯುವ ಸಮಾರಂಭಕ್ಕೆಂದು ಅಮೆರಿಕೆಗೆ ಹೋದರು. ತಮಗೆ ದಕ್ಕದ ಪದವಿಯನ್ನು ಇನ್ನೊಬ್ಬಳು ಪಡೆಯುವುದನ್ನು ನೋಡಿ ಹರ್ಷಿಸುವುದು ಸಾಮಾನ್ಯ ಗುಣವಲ್ಲ. ಅಲ್ಲಿಯೇ ನಿಂತು ಫ್ರೋಬೆಲನ ಶಿಶುವಿಹಾರ ಪದ್ಧತಿಯನ್ನು ಅಭ್ಯಾಸಮಾಡಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದನ್ನು ಓದಿದ ಜನರು ಅದೇ ವರ್ಷದ ಕೊನೆಯಲ್ಲಿ ಬಾಸ್ಟನ್ ನಗರದಲ್ಲಿ ರಮಾಬಾಯಿ ಸಂಘವನ್ನು ಕಟ್ಟಿ ಧನಸಹಾಯಕ್ಕೆ ನಿಂತರು.

1889ರ ಮಾರ್ಚ್ 11ರಂದು ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವು ತೆರೆಯಿತು. ಮರುವರ್ಷ ಪುಣೆಗೆ ಸ್ಥಳಾಂತರವಾಯಿತು. ಅಲ್ಲಿ ಕಲಿತ ಗೋದೂಬಾಯಿಯು ಮುಂದೆ ಮಹರ್ಷಿ ಕರ್ವೆಯವರ ಕೈಹಿಡಿದು ಅವರ ಕಾರ್ಯಕ್ಕೆ ಬಲವಾದಳು. 1893ರಲ್ಲಿ ಹುಡುಗಿಯರು ಕ್ರೈಸ್ತಮತದ ಕಡೆಗೆ ಒಲಿಯುತ್ತಿದ್ದಾರೆಂಬ ವಿವಾದವೆದ್ದು, ಪುಣೆಯ ಸಲಹಾಮಂಡಲಿಯ ಗೃಹಸ್ಥರು ರಾಜೀನಾಮೆ ಕೊಟ್ಟರು; ಅನೇಕ ಹೆತ್ತವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ತಾಯಿತಂದೆಗಳ ಅಂಜಿಕೆಯನ್ನು ನಾವು ತಳ್ಳಿಹಾಕುವುದಿಲ್ಲ. ಹಾಗೆಂದು ಬಿಡಿಸಿಕೊಂಡು ಹೋದ ಹುಡುಗಿಯರಿಗೆ ಮನೆಯಲ್ಲಿ ಏನು ಕಾದಿತ್ತೆಂಬುದನ್ನೂ ಮರೆಯಲಾಗದು.

ಅನಂತರ 1896-97ರ ಕ್ಷಾಮ ಬಂದಿತು. ಹಸಿವೆಂದರೇನೆಂದು ಉಂಡು ಅರಿತಿದ್ದ ರಮಾಬಾಯಿಯವರು ಮಧ್ಯಪ್ರಾಂತಕ್ಕೆ ಹೋಗಿ ಸುಮಾರು 300 ಮಂದಿ ಹೆಂಗಸರನ್ನೂ ಹುಡುಗಿಯರನ್ನೂ ಕರೆತಂದು, ಪುಣೆಯ ಸಮೀಪದ ಕೇಡಗಾಂವದ ಹೊಲದಲ್ಲಿ ಇಳಿಸಿದರು. ಅದೇ ಮುಕ್ತಿ ಸದನ. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿಯ ಸಂಖ್ಯೆ 2,000ಕ್ಕೆ ಸಮೀಪಿಸಿತು. ಇವರಿಗೆಲ್ಲ ಅನ್ನ ಹಾಕಿದರೆ ಸಾಲದು, ಅನ್ನ ಗಳಿಸುವ ದಾರಿಯನ್ನು ತೋರಿಸಬೇಕು ಎಂಬುದು ಅವರ ಹಟ. ಅಕ್ಷರ ಹತ್ತಿದವರು ಉಪಾಧ್ಯಾಯಿನಿಯರಾದರು. ರೋಗಿಗಳ ಶುಶ್ರೂಷೆ, ನೇಯ್ಗೆ, ಹೊಲಿಗೆ, ಎಣ್ಣೆಯ ಗಾಣ, ಹೈನು, ಅಗಸರ ಕೆಲಸ, ರೊಟ್ಟಿ ಬೇಯಿಸುವುದು, ತೋಟಗಾರಿಕೆ, ಅಚ್ಚಿನ ಕೆಲಸ ಎಲ್ಲವೂ ಒಂದೇ ಆವರಣದಲ್ಲಿ ನಡೆದುವು. ಕಣ್ಣಿಲ್ಲದವರಿಗೆ ಬ್ರೈಲ್ ಲಿಪಿಯ ಓದೂ ಕೈಗೆಲಸವೂ ದೊರೆತುವು. ಗಾಣ ತಿರುಗಿಸುವವಳು ಪಾಠ ಹೇಳುವವಳಿಗಿಂತ ಕೀಳೆಂಬ ಎಣಿಕೆಗೆ ಅಲ್ಲಿ ಎಡೆಯಿರಲಿಲ್ಲ.

ಇದಾಗಿ ಹತ್ತು ವರ್ಷಗಳಿಗೆ, 1908ರ ಜನವರಿಯಲ್ಲಿ, ಅದೇ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬವರು ತರುಣತರುಣಿಯರಿಗೆ ಉದ್ಯೋಗದ ವಿಷಯದಲ್ಲಿ ಸಲಹೆ ಹೇಳುವ ಕಚೇರಿಯೊಂದನ್ನು ತೆರೆದರು. ತಾವೂ ಎಂಜಿನಿಯರು, ಕೂಲಿ, ಉಪಾಧ್ಯಾಯ, ವಕೀಲ ಎಂದು ಹಲವು ಕಸುಬುಗಳನ್ನು ಕಂಡವರು. ಅವರ ಸಿದ್ಧಾಂತವು ಸರಳ: ಮೊದಲು ತನ್ನ ಶಕ್ತಿ, ಒಲವು, ಕೊರತೆಗಳನ್ನು ತಿಳಿಯಬೇಕು, ಆಮೇಲೆ ಉದ್ಯೋಗಗಳು ಏನನ್ನು ಬೇಡುತ್ತವೆ, ಏನನ್ನು ಕೊಡುತ್ತವೆಯೆಂಬುದನ್ನು ತಿಳಿಯಬೇಕು, ಕೊನೆಗೆ ಇವೆರಡನ್ನೂ ಸಮಾಧಾನದಿಂದ ತೂಗಿನೋಡಬೇಕು. ಅವರು ಅದೇ ವರ್ಷ ತೀರಿಕೊಂಡರು. ಗ್ರಂಥವು 1909ರಲ್ಲಿ ಹೊರಬಂದಿತು. ಉದ್ಯೋಗದ ಆಯ್ಕೆ ಒಂದು ದಿನದಲ್ಲಿ ಮುಗಿಯುವುದಲ್ಲ, ಬಾಳಿನುದ್ದಕ್ಕೂ ಬೆಳೆಯುವುದೆಂದು 1950ರ ದಶಕದಲ್ಲಿ ಡೊನಾಲ್ಡ್ ಸೂಪರ್ ಎಂಬ ಅಮೆರಿಕದ ಪಂಡಿತರು ಅದಕ್ಕೆ ಸೇರಿಸಿದರು. ಕಿವಿ ಕೇಳದೆ ವೈದ್ಯವೃತ್ತಿಯನ್ನು ಬಿಟ್ಟು ಬೋಧನೆಗೂ, ಬೋಧನೆಯಿಂದ ಸಾವಿರಾರು ಜನರ ಪೋಷಣೆಗೂ ನಡೆದ ರಮಾಬಾಯಿಯವರಿಗೆ ಇವೆರಡೂ ಅನುಭವದಿಂದಲೇ ತಿಳಿದಿದ್ದುವು.

ನಮ್ಮೂರಿನಲ್ಲಿ 1965ರಲ್ಲಿ ವೈದ್ಯಕೀಯ ಕಾಲೇಜೂ 1979ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಹುಟ್ಟಿದ ಮೇಲೆ, ಬುದ್ಧಿವಂತ ಹುಡುಗಿಗೆ ಇವೆರಡಲ್ಲದೆ ಮೂರನೆಯ ದಾರಿಯಿಲ್ಲವೆಂದು ಬಹು ಮನೆಗಳಲ್ಲಿ ಭಾವಿಸುತ್ತಾರೆ. ದಾವಣಗೆರೆಯ ಹತ್ತಿಗಿರಣಿಗಳನ್ನೂ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯನ್ನೂ ನಂಬಿದ್ದವರ ಮಕ್ಕಳಿಗೆ, ಒಂದೇ ಕಸುಬನ್ನು ನೆಚ್ಚಿದ ಮನೆಗೆ ಬಾಗಿಲು ಮುಚ್ಚಿದ ದಿನ ಏನಾಗುವುದೆಂದು ಹೇಳಿಕೊಡಬೇಕಾಗಿಲ್ಲ.

ರಮಾಬಾಯಿಯವರು ಹುಟ್ಟಿದ ನಾಡನ್ನೂ ಮರೆಯಲಿಲ್ಲ. 1910ರ ದಶಕದ ಆರಂಭದಲ್ಲಿ, ಆಗ ನಿಜಾಮರ ಆಳಿಕೆಯಲ್ಲಿದ್ದ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳಿಗಾಗಿ ಕ್ರೈಸ್ತ ಪ್ರೌಢಶಾಲೆಯನ್ನು ಸ್ಥಾಪಿಸಿದರು. ಮನೋರಮೆ ಅದರ ಮುಖ್ಯೋಪಾಧ್ಯಾಯಿನಿಯಾದಳು. 1919ರಲ್ಲಿ ಸರ್ಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. 1921ರ ಜುಲೈಯಲ್ಲಿ ಮನೋರಮೆ ತಾಯಿಗಿಂತ ಮೊದಲೇ ತೀರಿಕೊಂಡಳು. ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವಿರಬೇಕೆಂದು ಹೀಬ್ರೂ ಗ್ರೀಕ್ ಭಾಷೆಗಳನ್ನು ಕಲಿತು ಭಾಷಾಂತರಿಸುತ್ತಿದ್ದ ರಮಾಬಾಯಿಯವರು ಆ ಕೆಲಸವನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ಕರ್ತನಲ್ಲಿ ನಿದ್ರೆಹೊಂದಿದರು. ಆ ಗ್ರಂಥವು 1924ರಲ್ಲಿ ಪ್ರಕಟವಾಯಿತು. ಅದರ ಅಚ್ಚುಮೊಳೆಗಳನ್ನು ಜೋಡಿಸಿದವರು ಮುಕ್ತಿ ಸದನದ ಹೆಣ್ಣುಮಕ್ಕಳೇ.